ಮಡಿಯ ಮನೆಯಲ್ಲಿ ಮೀನಿನ ಬಾಣಂತನ

ಕೆಲವರಿಗೆ ಕೂಡಿಸುವ ಚಟವಿರುತ್ತದೆ, ನನಗೆ ಬೇರ್ಪಡಿಸುವ ಚಟ. ರಾಯಚೂರಿನಲ್ಲಿ ಗಣಿತದ ಮಾಸ್ತರನಾಗಿ ನಾನು ನಿಜವಾಗಿ ಸಾಧಿಸಿದ್ದೆಂದರೆ, ಪಾಠದ ನಡುವೆ ಪಿಸುಗುಟ್ಟುವ ಇಬ್ಬರನ್ನು ಹಿಡಿದು ಒಬ್ಬನನ್ನು ಕಿಟಕಿಯ ಹತ್ತಿರ, ಇನ್ನೊಬ್ಬನನ್ನು ಬಾಗಿಲ ಹತ್ತಿರ ಕೂರಿಸಿದ್ದು. ಇದಕ್ಕೆ ನಾನೊಬ್ಬನೇ ಹೊಣೆಯಲ್ಲ. ನಮ್ಮದು ಮಡಿಯ ಮನೆ. ಮಡಿಸೀರೆಗೆ ಬೇರೆ ಗಳ, ದೇವರ ನೀರಿಗೆ ಬೇರೆ ಕೊಡ. ಅವ್ವ ಮಡಿಯುಟ್ಟಳೆಂದರೆ ಅವಳ ಊಟ ಮುಗಿಯುವ ತನಕ ಯಾರೂ ಮುಟ್ಟುವಂತಿರಲಿಲ್ಲ. ಚಿಕ್ಕಂದಿನಲ್ಲಿ ಮಾನ್ವಿಯ ಮನೆಯ ಕಂಬವನ್ನು ತಬ್ಬಿಕೊಂಡು, ಅವಳು ಯಾವಾಗ ಕೈತೊಳೆದಾಳೋ ಎಂದು ಕಾಯುತ್ತಿದ್ದೆ. ಆ ಕಂಬದ ಮೇಲೆ ನನಗೆ ಇವತ್ತಿಗೂ ತುಸು ಹೆಚ್ಚೇ ಪ್ರೀತಿ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆಂದು ತವರೂರು ದೇವದುರ್ಗಕ್ಕೆ ಹೋದಳು. ನನಗೆ ಅನ್ನ ಬೇಯಿಸಿ ಹಾಕಲು ಅವ್ವ ಮಾನ್ವಿಯಿಂದ ಬಂದಳು. ಅದೇ ಹೊತ್ತಿಗೆ ಗಡಿಯಾರ ರಿಪೇರಿಯ ಖಾಸಿಂ ಸಾಹೇಬರು, ನನ್ನ ಸಂಜೆಯ ಗೆಳೆಯರು, ಮದರಾಸಿಗೆ ಹೋದವರು ಉಪ್ಪಿನಕಾಯಿ ಭರಣಿಯಲ್ಲಿ ಒಂದು ಜೊತೆ ಮೀನು ತಂದರು. ಮೂರು ಬೆರಳಗಲದ, ಮಾಗಿದ ಕಿತ್ತಳೆ ಬಣ್ಣದ ಚಪ್ಪಟೆ ಮೀನು. ಸಿಕ್ಲಿಡ್ ಅನ್ನುವ ಜಾತಿಯವಂತೆ. ಅಂಗಡಿಯ ಹಳೆಯ ಗಾಜಿನ ಕಪಾಟನ್ನು ಕಿತ್ತು ಅವರೇ ತೊಟ್ಟಿಯನ್ನೂ ಮಾಡಿಕೊಟ್ಟರು. ಹೆಂಡತಿ ಇಲ್ಲದ ಮನೆಯಲ್ಲಿ ಹೊತ್ತು ಕಳೆಯಲಿ ಎಂಬುದು ಅವರ ಉದ್ದೇಶ. ಅವ್ವ ದೂರದಿಂದಲೇ ನೋಡಿ, "ನೀರಾಗ ಇರೂತನಕ ನನಗೇನೂ ತಕರಾರಿಲ್ಲಪಾ," ಎಂದಳು.

ತಿಂಗಳೊಪ್ಪತ್ತಿನಲ್ಲಿ ಅವು ತೊಟ್ಟಿಯ ತಳದಲ್ಲಿಟ್ಟ ಹೆಂಚಿನ ಚೂರಿಗೆ ಮೊಟ್ಟೆ ಅಂಟಿಸಿದವು. ಗಂಡೂ ಹೆಣ್ಣೂ ಪಾಳಿಯ ಮೇಲೆ ರೆಕ್ಕೆಯಿಂದ ಗಾಳಿ ಬೀಸುವುದನ್ನು ನಾನು ಅವ್ವನಿಗೆ ತೋರಿಸಿದೆ. ಅವಳು ಗಂಭೀರವಾಗಿ ನೋಡಿದಳು.

"ಹಂಗಾರ ಮನ್ಯಾಗ ಪುರುಡು ಬಂತು. ಹತ್ತು ದಿನ ಈ ತೊಟ್ಟಿ ಅಡಿಗಿಮನಿ ಕಡೆ ಇರಬಾರದು. ಪಡಸಾಲಿ ಮೂಲಿಗೆ ಸರಸು."

ಮೀನಿಗೆ ಎಂಥ ಪುರುಡು ಎಂದು ವಾದಿಸಬಹುದಿತ್ತು. ವಾದಿಸಲಿಲ್ಲ. ನನಗಿಂತ ಮೊದಲು ಹುಟ್ಟಿದ ಅವಳ ಎರಡು ಕೂಸುಗಳು ತಿಂಗಳು ತುಂಬುವ ಮೊದಲೇ ಹೋಗಿದ್ದವು. ಬಾಣಂತನದ ವಿಷಯದಲ್ಲಿ ಅವಳೊಡನೆ ವಾದಿಸುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ನಾನೊಬ್ಬನೇ ಹಿಡಿದು, ಅರ್ಧ ನೀರು ಚೆಲ್ಲಿ, ತೊಟ್ಟಿಯನ್ನು ಸರಿಸಿದೆ.

ಮೊಟ್ಟೆ ಒಡೆದು, ವಾರ ಕಳೆದು, ಸಾಸಿವೆಯಷ್ಟು ಮರಿಗಳು ಈಜತೊಡಗಿದಾಗ ನನ್ನ ಸಂಭ್ರಮ ಹೇಳತೀರದು. ದೇವದುರ್ಗದಲ್ಲಿ ದಿನ ತುಂಬುತ್ತಿತ್ತು. ಈ ಮರಿಗಳು ಬದುಕಿದರೆ ಅಲ್ಲೂ ಎಲ್ಲ ಸುಸೂತ್ರ ಎಂದು ನನ್ನೊಳಗೆ ಒಂದು ನಂಟು ಕಟ್ಟಿಕೊಂಡಿದ್ದೆ. ಗಣಿತ ಕಲಿಸುವವನು ಹೀಗೆ ಶಕುನ ನೋಡಬಾರದು, ಆದರೆ ನೋಡಿದೆ. ಆಗಲೇ ಖಾಸಿಂ ಸಾಹೇಬರು ಬಂದು ಹೇಳಿದರು: "ಮಾಸ್ತರ್ ಸಾಬ್, ಮೀನಿಂದು ಭರೋಸಾ ಇಲ್ರಿ. ಹಸಿದ್ರ ಸ್ವಂತ ಮರೀನೂ ತಿಂತಾವ. ಹುಷಾರ್ ಇರ್ರಿ."

ನನಗೆ ಅಷ್ಟು ಸಾಕಾಯಿತು. ತಂದೆತಾಯಿಯನ್ನು ಹಿಡಿದು ಮಣ್ಣಿನ ಹರವಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿದೆ. ಮರಿಗಳಿಗೆ ಅಕ್ಕಿಹಿಟ್ಟು ಜರಡಿ ಹಿಡಿದು ಉದುರಿಸಿದೆ. ಬೇಯಿಸಿದ ಕೋಳಿಮೊಟ್ಟೆಯ ಹಳದಿ ಒಳ್ಳೆಯದೆಂದು ಸಾಹೇಬರು ಹೇಳಿದ್ದರು; ಆ ಮಾತನ್ನು ಬೀದಿಯಲ್ಲೇ ಬಿಟ್ಟು ಬಂದಿದ್ದೆ. ಮರುದಿನ ಬೆಳಿಗ್ಗೆ ನೀರು ಗಂಜಿಯಾಗಿತ್ತು. ಹತ್ತಿಪ್ಪತ್ತು ಮರಿಗಳು ತಳದಲ್ಲಿ ಬಿದ್ದಿದ್ದವು. ಉಳಿದವು ಗುಂಪಾಗಿ ಗಾಜಿನ ಈ ಮೂಲೆಯಿಂದ ಆ ಮೂಲೆಗೆ ಅಲೆಯುತ್ತಿದ್ದವು. ನನಗೆ ದುಃಖವಾಯಿತು. ಅದಕ್ಕಿಂತ ಹೆಚ್ಚಾಗಿ, ಭಯವಾಯಿತು.

ಅವತ್ತು ಏಕಾದಶಿ. ಒಲೆ ಹಚ್ಚುವ ಕೆಲಸವಿಲ್ಲದ ಅವ್ವ ಮಡಿಯುಟ್ಟು ತೊಟ್ಟಿಯಿಂದ ಮಾರು ದೂರದಲ್ಲಿ ಕೂತಿದ್ದಳು. ಬಹಳ ಹೊತ್ತು ನೋಡಿ ಕೇಳಿದಳು.

"ಸೀನಾ, ಇವು ಏನು ಹುಡುಕಾಕತ್ತ್ಯಾವ?"

"ಹಿಟ್ಟು ಹಾಕೀನಲ್ಲವ್ವಾ."

"ಹಿಟ್ಟಲ್ಲ. ಇವುಗಳ ಅವ್ವ ಎಲ್ಲಿ?"

ಹರವಿ ತೋರಿಸಿ, ಕಾರಣ ಹೇಳಿದೆ. ಪುರುಡಿನಲ್ಲಿ ನಾವೂ ಬಾಣಂತಿಯನ್ನು ಬೇರೆ ಇಡುತ್ತೇವಲ್ಲ ಎಂದು ಜಾಣತನವನ್ನೂ ಸೇರಿಸಿದೆ.

ಅವ್ವ ನನ್ನನ್ನೇ ನೋಡಿದಳು. "ಬಾಣಂತಿನ್ನ ನಮ್ಮಿಂದ ಬ್ಯಾರೆ ಇಡ್ತೀವೋ. ಕೂಸು ಆಕಿ ಮಗ್ಗಲದಾಗ ಇರ್ತದ. ಯಾವ ಮಡಿವಂತರೂ ಕೂಸಿನ್ನ ಕಸಗೊಂಡಿಲ್ಲ. ತಂದು ಬಿಡು."

"ತಿಂದ್ರ?"

"ಬಿಡು ಅಂದೆ."

ಗಂಜಿನೀರು ತೆಗೆದು, ಮೊದಲೇ ತುಂಬಿಟ್ಟಿದ್ದ ನೀರು ಹೊಯ್ದೆ. ಹರವಿಯಿಂದ ಎರಡನ್ನೂ ತಂದು ಬಿಟ್ಟು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಮರಿಗಳೆಲ್ಲ ತಾಯಿಯ ಎರಡೂ ಮಗ್ಗುಲಿಗೆ ಮುತ್ತಿಕೊಂಡಿದ್ದವು. ತಿನ್ನುತ್ತಿದ್ದದ್ದು ತಾಯಿಯಲ್ಲ, ಮರಿಗಳು. ಅವಳ ಮೈಯ ಲೋಳೆಯನ್ನು ಪುಟ್ಟ ಬಾಯಿಂದ ಕುಟುಕುಟು ಮೇಯುತ್ತಿದ್ದವು. ಅವಳು ಅಲುಗದೆ ನಿಂತಿದ್ದಳು. ತಂದೆ ಮೀನು ಗಾಜಿನಾಚೆಯ ನನ್ನನ್ನು ದುರುಗುಟ್ಟಿ ನೋಡುತ್ತಿತ್ತು.

"ನೋಡವ್ವಾ," ಎಂದು, ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಮಡಿಯಲ್ಲಿದ್ದ ಅವ್ವನ ಕೈ ಹಿಡಿದಿದ್ದೆ. ತಿಳಿದಾಗ ಬಿಡಲು ಹೋದೆ. ಅವಳೇ ಬಿಡಲಿಲ್ಲ.

"ಹೆಂಗೂ ಮೈಲಿಗಿ ಆಗೇದ," ಎಂದಳು ಅವ್ವ, ಮೀನಿನಿಂದ ಕಣ್ಣು ತೆಗೆಯದೆ. "ಇನ್ನಷ್ಟೊತ್ತು ಕೂಡು."

ಕೂತೆ. ಮಾನ್ವಿಯ ಆ ಕಂಬ ನೆನಪಾಯಿತು. ಅದು ಇಷ್ಟು ಬೆಚ್ಚಗಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಅವ್ವ ಎದ್ದು, ಮತ್ತೆ ಸ್ನಾನಕ್ಕೆ ನೀರು ಸೇದು ಎಂದಳು. ನಾಲ್ಕು ಕೊಡ ಸಾಕಾಗಿತ್ತು, ಎಂಟು ಸೇದಿಸಿದಳು. ಲೆಕ್ಕದ ಮಾಸ್ತರ ಬಾಯಿ ಮುಚ್ಚಿಕೊಂಡು ಹಗ್ಗ ಜಗ್ಗಿದ.