ಮಂಗಳವಾರದ ತೆಲುಗು

ಐದು ಭಾಷೆ ಕಲಿಯುವುದು ಏನು ಮಹಾ ವಿದ್ಯೆ! ವಾರಕ್ಕೆ ಏಳು ದಿನ, ಭಾಷೆ ಐದೇ ಐದು. ಇನ್ನೂ ಎರಡು ದಿನ ಮಿಕ್ಕುತ್ತವೆ. ಈ ಅಮೋಘವಾದ ವಿಚಾರ ನನಗೆ ಹೊಳೆದಾಗ ನಾನು ನನ್ನ ಹೋಟೆಲಿನ ಗಲ್ಲಾದ ಹಿಂದೆ ಒಬ್ಬನೇ ಕೂತಿದ್ದೆ. ಒಂದು ಬೆಂಚಿನ ಮೇಲೂ ಜನ ಇರಲಿಲ್ಲ. ಆದ್ದರಿಂದ ತಡೆಯುವವರೂ ಇರಲಿಲ್ಲ.

ನಮ್ಮದು ಮದ್ದೂರಿನ ಹಳೇ ರೋಡಿನ ಮೇಲಿದ್ದ ಸಣ್ಣ ಹೋಟೆಲು. ಅಪ್ಪ ಶುರು ಮಾಡಿದ್ದು. ನನ್ನ ಹೆಂಡತಿ ರತ್ನ ಒಳಗೆ ವಡೆ ಕರಿಯುತ್ತಿದ್ದಳು, ನಾನು ಗಲ್ಲಾದಲ್ಲಿ ಕೂರುತ್ತಿದ್ದೆ. ಅಂದರೆ ನಡೆಸುವವಳು ಅವಳು, ಯಜಮಾನ ಅನ್ನಿಸಿಕೊಳ್ಳುವವನು ನಾನು. ಬೆಂಗಳೂರಿಂದ ಮೈಸೂರಿಗೆ ಹೋಗುವ ಕಾರು, ಬಸ್ಸು ನಮ್ಮ ಮುಂದೆ ನಿಂತು ವಡೆ ಕಟ್ಟಿಸಿಕೊಂಡು ಹೋಗುತ್ತಿದ್ದ ಕಾಲ ಒಂದಿತ್ತು. ಆಮೇಲೆ ಊರಾಚೆ ಹೊಸ ರೋಡು ಬಂತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ನಾಯಿಗಳು ಹಳೇ ರೋಡಿನ ನಟ್ಟ ನಡುವೆ ಕಾಲು ಚಾಚಿ ಮಲಗಿದ್ದವು. ಅಕ್ಕಪಕ್ಕದ ಹೋಟೆಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಎದುರಿನವನು ಬೀಗ ಹಾಕಿ ಹೋದ ದಿನ ನಾವಿಬ್ಬರೂ ಮಾಡಿದ ಮುದ್ದೆಯನ್ನು ಹಾಗೇ ಮುಚ್ಚಿಟ್ಟೆವು. ಮುಂದಿನ ಸರದಿ ನಮ್ಮದು ಎಂದು ಇಬ್ಬರಿಗೂ ಗೊತ್ತಿತ್ತು.

ಆದರೂ ಒಲೆ ಆರಿರಲಿಲ್ಲ. ಸೋಮನಹಳ್ಳಿ ಕಡೆಯ ಫ್ಯಾಕ್ಟರಿಗಳಿಗೆ ಹೋಗುವವರು, ಡೈರಿಗೆ ಹಾಲು ಹಾಕಿ ಬರುವವರು, ಇವರೆಲ್ಲ ಬರುತ್ತಿದ್ದರು. ಎಲ್ಲರಿಗಿಂತ ಮೊದಲು ನಿಂಗೇಗೌಡರು ಬರುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಮನೆಯಲ್ಲಿ ಮಾತಿಗೆ ಯಾರೂ ಇರಲಿಲ್ಲ. ಒಂದು ಕಾಫಿ ಹಿಡಿದು ಕೂತರೆ ಬಿಸಿಲು ಏರುವವರೆಗೂ ಏಳುತ್ತಿರಲಿಲ್ಲ. ಅವರ ಮಾತು ಕೇಳಲು ಇನ್ನು ನಾಲ್ಕು ಜನ ಕೂರುತ್ತಿದ್ದರು, ಕೂತವರು ವಡೆ ತಿನ್ನುತ್ತಿದ್ದರು. ನಮ್ಮ ಹೋಟೆಲು ಉಸಿರಾಡುತ್ತಿದ್ದದ್ದು ಇವರಿಂದಲೇ. ನನಗೆ ಮಾತ್ರ ಇವರು ಗಿರಾಕಿಗಳು ಅಂತಲೇ ಅನ್ನಿಸುತ್ತಿರಲಿಲ್ಲ. ಗಿರಾಕಿ ಅಂದರೆ ಕಾರಿನಿಂದ ಇಳಿಯಬೇಕು!

ಹೊಸ ರೋಡಿನಲ್ಲಿ ಹೋಗುವವರು ಯಾರು? ತಮಿಳರು, ತೆಲುಗರು, ಮಲಯಾಳಿಗಳು, ಹಿಂದಿಯವರು, ಇಂಗ್ಲಿಷ್ ಬಿಟ್ಟು ಬೇರೆ ಆಡದ ಬೆಂಗಳೂರಿನವರು. ಅವರವರ ಭಾಷೆಯಲ್ಲೇ ಬನ್ನಿ ಕೂತ್ಕೊಳ್ಳಿ ಅಂದರೆ ಸಂಸಾರ ಸಮೇತ ಇಳಿದು ಬರುತ್ತಾರೆ ಎಂದು ನಾನು ತೀರ್ಮಾನಿಸಿದೆ. ಮೊಬೈಲಿನಲ್ಲಿ ಒಬ್ಬ ಗುರುವೂ ಸಿಕ್ಕಿದ. ದಿನಕ್ಕೊಂದು ಭಾಷೆ, ಸರದಿಯ ಮೇಲೆ. ಆ ದಿನ ಬೇರೆ ಭಾಷೆ ನಾಲಿಗೆಗೆ ತಾಕಕೂಡದು. ತಾಕಿದರೆ ಮೊದಲಿಂದ ಶುರು ಮಾಡಬೇಕು. ಇದು ಅವನ ಕಟ್ಟಪ್ಪಣೆ. ಸೋಮವಾರ ತಮಿಳು, ಮಂಗಳವಾರ ತೆಲುಗು, ಬುಧವಾರ ಮಲಯಾಳ, ಗುರುವಾರ ಹಿಂದಿ, ಶುಕ್ರವಾರ ಇಂಗ್ಲಿಷ್. ಶನಿವಾರ, ಭಾನುವಾರ ಐದನ್ನೂ ಮೆಲುಕು ಹಾಕುವುದು. ಕನ್ನಡಕ್ಕೆ ವಾರ ಇಡಲಿಲ್ಲ. ಅದು ಹೇಗೂ ಬರುತ್ತದಲ್ಲ!

ರತ್ನನಿಗೆ ಇದನ್ನೆಲ್ಲ ವಿವರಿಸಿ ಹೇಳಿದೆ. ಅವಳು ಹಿಟ್ಟು ಕಲಸುತ್ತಾ ಪೂರ್ತಿ ಕೇಳಿದಳು.

"ಒಸಾ ರೋಡಲ್ಲಿ ಓಯ್ತಾ ಇರೋರ್ಗೆ ನೀವು ಇಲ್ಲಿ ಕೂತ್ಕಂಡು ತಮಿಳು ಮಾತಾಡುದ್ರೆ ಎಂಗ್ ಕೇಳಿಸ್ತದೆ?" ಎಂದಳು.

ವ್ಯಾಪಾರದ ಸೂಕ್ಷ್ಮ ಇವಳಿಗೆ ತಿಳಿಯದು ಎಂದುಕೊಂಡೆ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಅಂತಾರೆ, ಇರೋ ಜನವನ್ನ ನೋಡಿಕೊಂಡರೆ ಸಾಕು ಎಂದು ಅವಳು ಇನ್ನೂ ಏನೋ ಹೇಳುತ್ತಿದ್ದಳು. ಅಂದು ಸೋಮವಾರ. ವ್ರತ ಆ ಗಳಿಗೆಯಿಂದಲೇ ಶುರು ಎಂದುಕೊಂಡು, ಆಗಲಿ ಎಂದು ತಮಿಳಿನಲ್ಲಿ ಹೇಳಿ ಎದ್ದುಬಂದೆ.

ವ್ರತ ಹಿಡಿದರೆ ಬಿಡುವ ಜಾಯಮಾನ ನನ್ನದಲ್ಲ. ಮನೆಯಲ್ಲೂ ಅದೇ, ಹೋಟೆಲಿನಲ್ಲೂ ಅದೇ. ಒಂದು ಬುಧವಾರ ದಾರಿ ತಪ್ಪಿದ ತಮಿಳು ಲಾರಿಯವನೊಬ್ಬ ಬಂದು ಏನಿದೆ ಎಂದು ಕೇಳಿದ. ಸೋಮವಾರವಿಡೀ ನಾನು ಉರು ಹೊಡೆದಿದ್ದದ್ದು ಆ ಪ್ರಶ್ನೆಗೆ ಉತ್ತರವನ್ನೇ! ಆದರೆ ಬುಧವಾರ ಮಲಯಾಳದ ದಿನ. ತಮಿಳು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, ಮಲಯಾಳದಲ್ಲಿ ತಡವರಿಸಿದೆ. ಅವನು ನನ್ನ ಮುಖವನ್ನೇ ನೋಡಿ, ನೀರು ಕುಡಿದು ಲಾರಿ ಹತ್ತಿದ. ಆಮೇಲೊಂದು ಶುಕ್ರವಾರ ಗ್ಯಾಸು ಮುಗಿಯುತ್ತಿದೆ ಎಂದು ರತ್ನ ಒಳಗಿನಿಂದ ಕೂಗಿದಳು. ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸುವುದಕ್ಕೆ ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಜೋಡಿಸಿಕೊಂಡು ಒಳಗೆ ಹೋಗುವಷ್ಟರಲ್ಲಿ ಒಲೆ ಆರಿ, ಬಾಣಲೆಯ ವಡೆಗಳು ಹಸಿ ಹಸಿಯಾಗಿ ಎಣ್ಣೆ ಕುಡಿಯುತ್ತಿದ್ದವು. ಅವಳು ಬೈಯಲಿಲ್ಲ. ಅವತ್ತಿನಿಂದ ನನ್ನ ಜೊತೆ ಮಾತು ಕಡಿಮೆ ಮಾಡಿದಳು. ಅಭ್ಯಾಸಕ್ಕೆ ಅಡ್ಡಿ ತಪ್ಪಿತು ಎಂದು ನಾನು ಸಂತೋಷಪಟ್ಟೆ.

ಊರಿನವರು ಮೊದಮೊದಲು ನಕ್ಕರು. ದಿನಾ ನಗುವುದಕ್ಕೆ ಯಾರಿಗೆ ಪುರುಸೊತ್ತಿದೆ? ಕಾಫಿ ಕೇಳಿದರೆ ತೆಲುಗು, ಚಟ್ನಿ ಕೇಳಿದರೆ ಹಿಂದಿ. ಹಾಲಿನವರು ಬರುವುದು ಬಿಟ್ಟರು. ನಿಂಗೇಗೌಡರು ಮಾತ್ರ ಬಿಡಲಿಲ್ಲ. ನಾನು ಯಾವ ಭಾಷೆಯಲ್ಲಿ ಏನು ಅಂದರೂ ಹೂಂ ಹೂಂ ಎಂದು ತಮ್ಮ ಪಾಡಿಗೆ ಕನ್ನಡದಲ್ಲಿ ಮಾತಾಡಿಕೊಂಡು ಕೂರುತ್ತಿದ್ದರು.

ಒಂದು ಗುರುವಾರ ಅವರು ಬಿಳಿ ಪಂಚೆ ಉಟ್ಟು, ಕೈಚೀಲ ಹಿಡಿದು ಬಂದರು. ಕೂರಲಿಲ್ಲ. ಬೆಳಕವಾಡಿಯಲ್ಲಿದ್ದ ಅವರ ಅಣ್ಣ ಬೆಳಗಿನ ಜಾವ ತೀರಿಕೊಂಡಿದ್ದರಂತೆ. ಮಳವಳ್ಳಿ ಬಸ್ಸಿಗೆ ಹೊರಟಿದ್ದರು.

"ಒಬ್ನೇ ಓಗಾಕ್ ಆಯ್ತಿಲ್ಲ ಕನ್ಲಾ ಸಿದ್ರಾಜ. ಜೊತೇಲ್ ಬತ್ತೀಯಾ?" ಎಂದು ಕೇಳಿದರು.

ಎಂಥ ಮನುಷ್ಯನಾದರೂ ಆಗ ವ್ರತಕ್ಕೆ ಬೆಂಕಿ ಹಾಕಿ, ಗಲ್ಲಾ ಮುಚ್ಚಿ, ಚಪ್ಪಲಿ ಮೆಟ್ಟಿ ನಡೆಯುತ್ತಿದ್ದ. ನಾನು ಹಿಂದಿಯಲ್ಲಿ ಸಮಾಧಾನದ ಮಾತು ಹುಡುಕಿದೆ. ಸಾವಿಗೆ ಏನು ಹೇಳಬೇಕು ಎಂದು ನನ್ನ ಗುರು ಕಲಿಸಿರಲಿಲ್ಲ. ಗಿರಾಕಿ ಎದ್ದು ಹೊರಡುವಾಗ ಹೇಳುವ ಮಾತೊಂದು ಚೆನ್ನಾಗಿ ಪಳಗಿತ್ತು, ಅದೇ ಬಾಯಿಗೆ ಬಂತು. ಮತ್ತೆ ಬನ್ನಿ ಎಂದೆ, ಹಿಂದಿಯಲ್ಲಿ, ನಗುನಗುತ್ತಾ. ಸಾವಿನ ಮನೆಯಿಂದ ಹೊರಡುವವನು ಬರ್ತೀನಿ ಅಂತಲೂ ಹೇಳದೆ ಎದ್ದುಹೋಗುವ ಊರು ನಮ್ಮದು. ಅಂಥಲ್ಲಿ ಅಣ್ಣನ ಸಾವಿಗೆ ಹೊರಟವರಿಗೆ ನಾನು ಹೀಗೆ ಅಂದೆ. ಟೀವಿ ನೋಡುವ ಅವರಿಗೆ ಅಷ್ಟು ಹಿಂದಿ ತಿಳಿಯುತ್ತಿತ್ತು. ತಿರುಗಿ ಬಸ್‌ಸ್ಟಾಂಡಿನ ಕಡೆ ಹೋದರು. ಒಳಗಿನಿಂದ ರತ್ನ ಎಲ್ಲ ಕೇಳಿಸಿಕೊಂಡಿದ್ದಳು. ಸೌಟು ಕೆಳಗಿಟ್ಟು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ತಿಥಿ ಮುಗಿಸಿ ವಾಪಸು ಬಂದ ಮೇಲೆ ನಿಂಗೇಗೌಡರು ನಮ್ಮ ಮೆಟ್ಟಿಲು ಹತ್ತಲಿಲ್ಲ. ಎದುರಿಗೆ ಬೀಗ ಹಾಕಿದ್ದ ಹೋಟೆಲಿನ ಜಗಲಿಯ ಮೇಲೆ ಒಬ್ಬಾಕೆ ಫ್ಲಾಸ್ಕಿನಲ್ಲಿ ಟೀ ಮಾರಲು ಶುರು ಮಾಡಿದ್ದಳು. ಅವರು ಅಲ್ಲಿ ಕೂತರು. ಅವರ ಮಾತಿಗೆಂದು ಬರುತ್ತಿದ್ದವರೂ ಅವರ ಹಿಂದೆ ಅಲ್ಲಿಗೇ ಹೋದರು. ನನಗೆ ಎದೆಯಲ್ಲಿ ಚುಳ್ ಎಂದದ್ದು ನಿಜ. ಆದರೂ ಬೆಂಚು ಖಾಲಿ ಇದ್ದರೆ ಹೊರಗಿನವರಿಗೆ ಅನುಕೂಲ ಎಂದು ನನಗೆ ನಾನೇ ಹೇಳಿಕೊಂಡೆ.

ಹೊರಗಿನವರು ಬಂದೇ ಬಂದರು! ಒಂದು ಮಂಗಳವಾರ, ಗಗನಚುಕ್ಕಿ ಜಲಪಾತ ನೋಡಲು ಹೊರಟ ಬಸ್ಸೊಂದು ಮಳವಳ್ಳಿ ರೋಡು ಸಿಗದೆ ಸುತ್ತಾಡಿ, ನಮ್ಮ ಹೋಟೆಲಿನ ಮುಂದೆ ನಿಂತಿತು. ಬಸ್ಸಿನ ತುಂಬಾ ಜನ. ಎಷ್ಟೋ ತಿಂಗಳ ಮೇಲೆ ಅಷ್ಟು ತಲೆ ಒಟ್ಟಿಗೆ ನೋಡಿ ನಾನು ಗಲ್ಲಾ ಬಿಟ್ಟು ಬಾಗಿಲಿಗೆ ಓಡಿದೆ. ಒಬ್ಬ ಹುಡುಗ ಮೊದಲು ಇಳಿದ, ಇಪ್ಪತ್ತೈದರ ಪ್ರಾಯ, ತುಮಕೂರಿನ ಕಡೆಯವನಂತೆ. ಮಳವಳ್ಳಿಗೆ ದಾರಿ ಯಾವುದು, ತಿನ್ನೋಕೆ ಬಿಸಿ ಏನಿದೆ ಎಂದು ಕೇಳಿದ. ಸ್ವಚ್ಛವಾದ ಕನ್ನಡ. ನಾನು ಕೈಮುಗಿದು, ಬನ್ನಿ, ಕೂತುಕೊಳ್ಳಿ, ವಡೆ ಇದೆ ಎಂದೆ. ತೆಲುಗಿನಲ್ಲಿ.

ಕನ್ನಡದಲ್ಲಿ ಹೇಳಿ ಎಂದ. ಇಷ್ಟು ವಾರ ಕಾಪಾಡಿಕೊಂಡು ಬಂದ ಮಂಗಳವಾರ ಕೆಟ್ಟರೆ ಮೊದಲಿಂದ ಶುರು ಮಾಡಬೇಕಲ್ಲ ಎಂದು ನಾನು ಇನ್ನೂ ವಿನಯವಾಗಿ, ಇನ್ನೂ ತೆಲುಗಿನಲ್ಲೇ ಹೇಳಿದೆ. ಅವನ ಮುಖ ಕೆಂಪಾಯಿತು. ಮಂಡ್ಯ ಜಿಲ್ಲೆಯಲ್ಲಿ ಹೋಟೆಲು ಇಟ್ಟುಕೊಂಡು, ಮದ್ದೂರು ವಡೆ ಅಂತ ಬೋರ್ಡು ಹಾಕಿಕೊಂಡು, ಎರಡು ಅಕ್ಷರ ಕನ್ನಡ ಕಲಿಯೋಕಾಗಲ್ವಾ ಎಂದು ಕೇಳುತ್ತಾ ಮೊಬೈಲು ಎತ್ತಿ ಹಿಡಿದ. ಅವನ ಹಿಂದೆ ಇನ್ನಷ್ಟು ಮೊಬೈಲುಗಳು ಎದ್ದವು.

ಈಗ ವ್ರತ ಗಿತ ಎಲ್ಲ ಮರೆತುಹೋಯಿತು. ನಾನು ಇಲ್ಲಿಯವನೇ ಎಂದು ಹೇಳಲು ಬಾಯಿ ತೆರೆದೆ. ಇರಲಾರದೆ ಇರುವೆ ಬಿಟ್ಟುಕೊಂಡವನ ಬಾಯಲ್ಲಿ ಏನು ಬರುತ್ತದೆ? ಹೆದರಿಕೆಗೆ ಐದೂ ಭಾಷೆ ಒಟ್ಟಿಗೆ ನುಗ್ಗಿ ಬಾಗಿಲಲ್ಲೇ ಸಿಕ್ಕಿಕೊಂಡವು. ಕೊನೆಗೆ, ನಾನು ಈ ಊರಿನಲ್ಲಿ ಹುಟ್ಟಿದ ಮನುಷ್ಯ ಆಗಿರುತ್ತೇನೆ ಎಂದೆ. ನೋಡಿ ನೋಡಿ, ಹೆದರಿಸಿದರೆ ಕನ್ನಡ ಬರುತ್ತೆ ಎಂದು ಯಾರೋ ಚಪ್ಪಾಳೆ ತಟ್ಟಿದರು!

ಗಲಾಟೆ ಕೇಳಿ ರತ್ನ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಇವರು ನನ್ನ ಗಂಡ, ಈ ಊರಿನವರೇ ಎಂದು ಗೋಗರೆದಳು. ಅವಳ ಕನ್ನಡ ಕೇಳಿ ಆ ಹುಡುಗನ ಕಣ್ಣಲ್ಲಿ ಕನಿಕರ ಉಕ್ಕಿತು. ಹೆದರಬೇಡಿ ಅಕ್ಕ, ಹೀಗೆ ಹೇಳು ಅಂತ ಇವನೇ ಹೇಳಿಕೊಟ್ಟಿದ್ದಾನಾ, ನಮ್ಮ ಹೆಂಗಸರನ್ನು ಒಳಗೆ ದುಡಿಸಿಕೊಂಡು ಇವನು ಇಲ್ಲಿ ಕೂತಿದ್ದಾನಾ ಎಂದ. ಕಡೆಯ ಮಾತು ಮಾತ್ರ ಅಕ್ಷರಶಃ ಸತ್ಯವಾಗಿತ್ತು.

ನಾನು ಎದುರಿನ ಜಗಲಿಯ ಕಡೆ ನೋಡಿದೆ. ನಿಂಗೇಗೌಡರು ಅಲ್ಲೇ ಕೂತಿದ್ದರು. ನನ್ನನ್ನು ಚಡ್ಡಿ ಹಾಕಿಕೊಂಡು ಓಡಾಡುವಾಗಿನಿಂದ ಬಲ್ಲವರು, ನನ್ನ ಮದುವೆಯಲ್ಲಿ ಊಟ ಬಡಿಸಿದವರು. ಆ ಹುಡುಗ ರೋಡು ದಾಟಿ ಹೋಗಿ, ಇವನು ನಿಮ್ಮೂರಿನವನಾ ಎಂದು ಅವರನ್ನೇ ಕೇಳಿದ. ಅವರು ಟೀ ಲೋಟ ಕೆಳಗಿಟ್ಟು ನನ್ನನ್ನು ಒಂದು ಗಳಿಗೆ ನೋಡಿದರು.

"ಮದ್ಲು ನಮ್ಮೋನೇ ಆಗಿದ್ದ. ಈಗ ಗೊತ್ತಿಲ್ಲ ಕನಪ್ಪ" ಎಂದರು.

ಅದೂ ಮೊಬೈಲಿನಲ್ಲಿ ದಾಖಲಾಯಿತು. ಸಂಜೆ ಹೊತ್ತಿಗೆ ಊರೂರಿನಲ್ಲೂ ನೋಡಿದರು. ಯಲಿಯೂರಿನಿಂದ ನನ್ನ ಬಾಮೈದ ಫೋನು ಮಾಡಿ, ನೀವು ಮೂಲತಃ ಯಾವ ಕಡೆಯವರು ಅಂತ ನಮ್ಮೂರಲ್ಲಿ ಕೇಳುತ್ತಿದ್ದಾರೆ ಭಾವ, ಏನು ಹೇಳಲಿ ಎಂದ. ಮಾರನೆಯ ದಿನ ಯಾರೋ ನಮ್ಮ ಗೋಡೆಯ ಮೇಲೆ ಕನ್ನಡ ಕಲಿ ಇಲ್ಲ ಜಾಗ ಖಾಲಿ ಮಾಡು ಎಂದು ಬರೆದು ಹೋಗಿದ್ದರು. ಆಮೇಲೆ ಗಿರಾಕಿ ಅಂತ ಒಂದು ಜೀವ ಮೆಟ್ಟಿಲು ಹತ್ತಲಿಲ್ಲ. ಹಿಟ್ಟು ಕಲಸುವುದು, ಸಂಜೆ ಚೆಲ್ಲುವುದು. ಕೊನೆಗೆ ರತ್ನ ಒಂದು ಬೆಳಿಗ್ಗೆ ಹಿಟ್ಟು ಕಲಸಲಿಲ್ಲ. ಅಪ್ಪನ ಕಾಲದ ಬೆಂಚುಗಳನ್ನು ಗುಜರಿಯವನು ಗಾಡಿಗೆ ಏರಿಸುವಾಗ ನಾನು ಹಿತ್ತಿಲಿಗೆ ಹೋಗಿ ಅತ್ತೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಬಿಕ್ಕಿ ಬಿಕ್ಕಿ ಅತ್ತೆ.

ನಿಂಗೇಗೌಡರ ಮನೆಗೂ ಹೋದೆ. ತಪ್ಪಾಯ್ತು ಎಂದೆ, ಕನ್ನಡದಲ್ಲಿ. ಕೂತ್ಕೋ ಎಂದರು. ಕೂತೆ. ಏಳುವಾಗ ಅವರು ಹೋಟೆಲಿನ ವಿಷಯ ಕೇಳಿದರು, ಮುಚ್ಚಿದೆ ಎಂದೆ. ಅವರ ಕಣ್ಣಲ್ಲಿ ನೀರು ಬಂತು. ಅದನ್ನು ನೋಡುವುದಕ್ಕಿಂತ ಅವರು ಕೆನ್ನೆಗೆ ಎರಡು ಬಿಟ್ಟಿದ್ದರೆ ಚೆನ್ನಾಗಿತ್ತು.

ಹೊಸ ರೋಡಿನ ಪಕ್ಕ ಒಂದು ದೊಡ್ಡ ಹೋಟೆಲು ಆಗಿದೆ. ರತ್ನನ ವಡೆಯ ರುಚಿ ಬಲ್ಲ ಯಾರೋ ಹೇಳಿ, ಅಲ್ಲಿಯ ಮ್ಯಾನೇಜರು ಅವಳನ್ನು ಕರೆಸಿದ. ನಾನೂ ಹಿಂದೆ ಹೋದೆ. ಅವಳ ಕೆಲಸ ಎರಡೇ ಮಾತಿನಲ್ಲಿ ಗಟ್ಟಿಯಾಯಿತು. ಆಮೇಲೆ ಅವನು ನನ್ನ ಕಡೆ ತಿರುಗಿ, ಕೌಂಟರಿಗೂ ಒಬ್ಬರು ಬೇಕು, ಎಲ್ಲ ಕಡೆಯ ಜನ ಬರುತ್ತಾರೆ, ನಿಮಗೆ ಎಷ್ಟು ಭಾಷೆ ಬರುತ್ತೆ ಎಂದು ಕೇಳಿದ. ನಾನು ಉಸಿರು ಎಳೆದುಕೊಂಡೆ. ಅಷ್ಟರಲ್ಲಿ ರತ್ನ ಮುಂದೆ ಬಂದಳು.

"ಇವ್ರಿಗೆ ಈರುಳ್ಳಿ ಎಚ್ಚಾಕ್ ಬತ್ತದೆ ಸಾ" ಎಂದಳು.

ಕೆಲಸ ಸಿಕ್ಕಿತು. ಆದರೆ ಅವಳು ಹೇಳಿದ್ದು ಪೂರ್ತಿ ನಿಜವಲ್ಲ. ವಡೆಗೆ ಬೇಕಾದಷ್ಟು ಸಣ್ಣಗೆ ಹೆಚ್ಚಲು ನನಗೆ ಬರುತ್ತಿರಲಿಲ್ಲ. ಈಗ ಅವಳ ಪಕ್ಕದಲ್ಲಿ ನಿಂತು ಕಲಿಯುತ್ತಿದ್ದೇನೆ, ವಾರದ ಏಳು ದಿನವೂ ಅದೊಂದನ್ನೇ.