ಹತ್ತು ಸಲದ ಷರತ್ತು

ಹೋದ ವರ್ಷ ದೀಪಾವಳಿ ಕಳೆದ ಮರುವಾರ ನಾನು ಅರಸೀಕೆರೆಯ ಒಬ್ಬ ಸಾಹುಕಾರರ ಆಫೀಸಿನಲ್ಲಿ ಕೆಲಸಕ್ಕೆ ಸೇರಿದೆ. ಅವರಿಗೆ ಕಣಕಟ್ಟೆಯಲ್ಲಿ ಕೊಬ್ಬರಿ ಪುಡಿ ಮಾಡುವ ಕಾರ್ಖಾನೆ, ಬಿಕ್ಕೋಡಿನಲ್ಲಿ ಕಾಫಿ ಒಣಗಿಸುವ ಕಾರ್ಖಾನೆ. ಎರಡರಲ್ಲೂ ಮಿಷನ್ನಿನ ಪಕ್ಕ ಗೋಡೆಯ ಮೇಲೆ ಒಂದು ಪೆಟ್ಟಿಗೆ ಇದೆ. ಅದರೊಳಗಿನ ಕಂಟ್ರೋಲರ್ ಹೇಳಿದಂತೆ ಮಿಷನ್ ಓಡುತ್ತದೆ. ನಾನು ಅರಸೀಕೆರೆಯಲ್ಲಿ ಕೂತು, ನೆಟ್‌ವರ್ಕ್ ಮೂಲಕ, ಆ ಕಂಟ್ರೋಲರ್‌ಗೆ ಹೇಳಬೇಕು.

ಸಾಹುಕಾರರ ಷರತ್ತು ಸರಳವಾಗಿತ್ತು. "ಮೂರು ತಿಂಗಳು ಇಲ್ಲಿಂದಲೇ ನಡೆಸು. ಹತ್ತು ಸಲಕ್ಕಿಂತ ಹೆಚ್ಚು ಅಲ್ಲಿಗೆ ಓಡಿದರೆ ನೀನು ಯಾಕಪ್ಪಾ ಬೇಕು? ಹತ್ತರೊಳಗೆ ಆದರೆ ಕೆಲಸ ಕಾಯಂ."

ಹತ್ತು ಧಾರಾಳವಾಯಿತು ಅಂದುಕೊಂಡೆ. ಮಿಷನ್‌ಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದೆ. ಅವುಗಳ ಪಕ್ಕ ಮನುಷ್ಯರೂ ಇರುತ್ತಾರೆ. ಆದ್ದರಿಂದ ಮುಂದೆ ಹೇಳುವಂಥವು ನಡೆಯುತ್ತಲೇ ಇರುತ್ತವೆ.

ವೈರು

ಬಿಕ್ಕೋಡಿನ ಸಂಪರ್ಕ ದಿನಾ ಬೆಳಿಗ್ಗೆ ಹತ್ತಕ್ಕೆ ಹೋಗಿ ಸಂಜೆ ನಾಲ್ಕಕ್ಕೆ ಬರುತ್ತಿತ್ತು. ಅಲ್ಲಿ ಲೆಕ್ಕ ಬರೆಯುವ ರೈಟರಿಗೆ ಫೋನ್ ಮಾಡಿದೆ.

"ವೈರು ನೋಡಿದಿರಾ?"

"ನೋಡ್ದೆ ಸಾರ್. ಗಟ್ಟಿಯಾಗೈತೆ."

ಎರಡು ಸಲ ಹೋದೆ. ಬೇಲೂರಿನಲ್ಲಿ ಬಸ್ಸು ಬದಲಿಸಿ ತಲುಪುವಷ್ಟರಲ್ಲಿ ನಾಲ್ಕಾಗಿರುತ್ತಿತ್ತು, ಎಲ್ಲ ಸರಿಯಿರುತ್ತಿತ್ತು. ಮೂರನೇ ಸಲ ಮೊದಲ ಬಸ್ಸಿಗೇ ಹೊರಟೆ. ಅಲ್ಲಿನ ಆಫೀಸಿನಿಂದ ಕಾರ್ಖಾನೆಗೆ ಅಂಗಳದ ಮೇಲೆ ಎಳೆದಿದ್ದ ವೈರು ನೆಲ ಮುಟ್ಟುವಷ್ಟು ಜಗ್ಗಿತ್ತು. ಅದರ ತುಂಬಾ ಒದ್ದೆ ಬಟ್ಟೆ.

"ವೈರು ನೋಡ್ದೆ ಅಂದ್ರಿ, ಅದರ ಮೇಲೆ ಏನಿದೆ ಅಂತ ಹೇಳಲೇ ಇಲ್ವಲ್ರೀ?"

ರೈಟರ್ ನೊಂದುಕೊಂಡರು. "ಏನಿದೆ ಸಾರ್? ಎರಡು ಪಂಚೆ, ಒಂದು ಬೆಡ್‌ಶೀಟು. ಗಟ್ಟಿಯಾಗೈತೆ ಅಂತ ನಾನು ದಿನಾ ನೋಡೇ ಹಾಕ್ತೀನಿ."

ಮೂರು ಸಲ ಮುಗಿಯಿತು.

ಪಾಸ್‌ವರ್ಡ್

ಕಣಕಟ್ಟೆಯ ಮೇಸ್ತ್ರಿಗೆ ವಯಸ್ಸು ಐವತ್ತೈದು. ಏನು ಕೇಳಿದರೂ "ಎಲ್ಲಾ ಸರಿಯಾಗೈತೆ" ಅನ್ನುವುದು ಅವರ ಪದ್ಧತಿ. ಅವರಿಗೆ ಕಂಟ್ರೋಲರಿನ ಪಾಸ್‌ವರ್ಡ್ ಹೇಳಿ, ಇದು ಗುಟ್ಟು, ಯಾರಿಗೂ ಗೊತ್ತಾಗಬಾರದು ಎಂದು ಮೂರು ಬಾರಿ ಎಚ್ಚರಿಸಿದ್ದೆ.

ಮುಂದಿನ ವಾರ ಒಂದು ಬಿಡಿಭಾಗ ಹಾಕಲು ಹೋದೆ. ಪೆಟ್ಟಿಗೆಯ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಮೊದಲು 'ಶ್ರೀ', ಅದರ ಕೆಳಗೆ ಗೇಣುದ್ದದ ಅಕ್ಷರಗಳಲ್ಲಿ ಪಾಸ್‌ವರ್ಡ್, ಅದರ ಕೆಳಗೆ 'ಇದನ್ನು ಯಾರಿಗೂ ಹೇಳಬಾರದು'.

ಪಾಸ್‌ವರ್ಡ್ ಬದಲಿಸಿ ಬಂದೆ. ಮರುದಿನ ಮೇಸ್ತ್ರಿಯ ಫೋನ್.

"ಸಾರ್, ಹೊಸದು ಏನು ಅಂತ ಬೇಗ ಹೇಳಿ. ಪೇಂಟರ್ ಕಾಯ್ತಾ ಅವ್ನೆ."

ನಾಲ್ಕು.

ಕೀಲಿ

ಆ ಪೆಟ್ಟಿಗೆಯಲ್ಲಿ ಒಂದು ಸಣ್ಣ ಕೀಲಿ ಇರುತ್ತದೆ. ಅದನ್ನು ಬಲಕ್ಕೆ ತಿರುಗಿಸಿ ಬಿಟ್ಟರೆ ಮಾತ್ರ ಕಂಟ್ರೋಲರ್ ನನ್ನ ಮಾತು ಕೇಳುತ್ತದೆ. ತೆಗೆದರೆ ಕೇಳುವುದಿಲ್ಲ. ಇದನ್ನು ಚಿತ್ರ ಬರೆದು ವಿವರಿಸಿದ್ದೆ.

ಮೇಸ್ತ್ರಿ ನನ್ನೆದುರಿಗೆ ತಿರುಗಿಸುತ್ತಿದ್ದರು. ನಾನು ಬಸ್ಸು ಹತ್ತಿದ ಮೇಲೆ ತೆಗೆಯುತ್ತಿದ್ದರು. ಫೋನಿನಲ್ಲಿ ಕೇಳಿದರೆ, "ಕೀಲಿ ಭದ್ರವಾಗೈತೆ ಸಾರ್." ಹೀಗೆ ಆರು ಸಲ ಹೋದೆ. ಆರನೆಯ ಸಲ ತಾಳ್ಮೆ ಕೆಟ್ಟಿತು.

"ಯಾಕೆ ಮೇಸ್ತ್ರಿ ತೆಗೀತೀರಿ?"

"ನಿಮ್ಮನೇಲಿ ಬೀಗದ ಕೈನ ಬಾಗಿಲಲ್ಲೇ ಬಿಟ್ಟು ಹೋಯ್ತೀರಾ ಸಾರ್?" ಅಂಗಿ ಎತ್ತಿ ಉಡಿದಾರ ತೋರಿಸಿದರು. ಕೀಲಿ ಅದಕ್ಕೆ ಕಟ್ಟಿತ್ತು. "ಸ್ನಾನಕ್ಕೂ ಬಿಚ್ಚಲ್ಲ."

"ಹತ್ತು ಸಲ ಆಯ್ತು. ಇನ್ನೊಂದು ಸಲ ಬಂದರೆ ನನ್ನ ಕೆಲಸ ಹೋಗುತ್ತೆ, ಗೊತ್ತಾ?"

"ಅಯ್ಯೋ, ಮೊದಲೇ ಹೇಳಬಾರದಾ ಸಾರ್," ಎಂದು ಕೀಲಿ ತಿರುಗಿಸಿದರು. ನಾನು ಬಸ್ಸು ಹತ್ತಿದೆ.

ಪ್ರದರ್ಶನ

ಮೂರು ತಿಂಗಳ ಕೊನೆಯ ದಿನ ಸಾಹುಕಾರರು ತಮ್ಮ ಬೀಗರನ್ನೂ ಇಬ್ಬರು ಕೊಬ್ಬರಿ ವ್ಯಾಪಾರಿಗಳನ್ನೂ ಆಫೀಸಿಗೆ ಕರೆದಿದ್ದರು. ಕಣಕಟ್ಟೆಯ ಮಿಷನ್ ಬೇಕೆಂದೇ ನಿಲ್ಲಿಸಿಡಲು ಹೇಳಿದ್ದರು. "ಈಗ ನೋಡಿ, ನಮ್ಮ ಹುಡುಗ ಇಲ್ಲಿಂದಲೇ ಚಾಲೂ ಮಾಡ್ತಾನೆ."

ಪರದೆ ನೋಡಿದೆ. ಕೀಲಿ ಇಲ್ಲ ಎಂದು ಬರೆದಿತ್ತು. ಒತ್ತಿದರೆ ಮಿಷನ್ ಓಡುವುದಿಲ್ಲ. ಓಡಿಸಲು ಅಲ್ಲಿಗೆ ಹೋದರೆ ಹನ್ನೊಂದು ಸಲವಾಗುತ್ತದೆ. ಬೆರಳೆತ್ತಿಕೊಂಡು ಕೂತೆ.

ಸಾಹುಕಾರರಿಗೆ ಆತುರ. ಸ್ಪೀಕರ್ ಹಾಕಿ ಮೇಸ್ತ್ರಿಗೆ ಫೋನ್ ಮಾಡಿದರು. "ಏನಯ್ಯಾ, ಚಾಲೂ ಆಯ್ತಾ?"

"ಆಯ್ತು ಸಾಹುಕಾರ್ರೇ. ಹೂವೆತ್ತಿದಂಗೆ ಓಡ್ತಾ ಐತೆ."

ಬೀಗರು ಕಿವಿಗೊಟ್ಟರು. "ಶಬ್ದಾನೇ ಕೇಳಿಸ್ತಿಲ್ಲವಲ್ರೀ?"

"ಕಂಪ್ಯೂಟರಿಂದ ಓಡಿಸಿದ್ರೆ ಶಬ್ದ ಬರಲ್ಲ ಸ್ವಾಮಿ."

ಎಲ್ಲರೂ ತಲೆದೂಗಿದರು. ಬೀಗರಿಗೆ ಮಾತ್ರ ಇನ್ನೂ ಅನುಮಾನ. "ನಾನು ನೋಡ್ತಾನೇ ಇದ್ದೆ. ಹುಡುಗ ಬಟನ್ ಮುಟ್ಟಲೇ ಇಲ್ಲ!"

"ಮುಟ್ಟೋ ಹಾಗಿದ್ದರೆ ಇವನು ಯಾಕ್ರೀ ಬೇಕಿತ್ತು?" ಎಂದು ಸಾಹುಕಾರರು ನನ್ನ ಕಾಯಂ ಪತ್ರಕ್ಕೆ ಅಲ್ಲೇ ಸಹಿ ಹಾಕಿದರು.

ಮರುದಿನ ಬೆಳಿಗ್ಗೆ ಕಣಕಟ್ಟೆಗೆ ಹೋದೆ. ಮಿಷನ್ ನಿಲ್ಲಿಸಿದಂತೆಯೇ ನಿಂತಿತ್ತು. ಮೇಸ್ತ್ರಿ ಎದುರಿನ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದರು. ನನ್ನನ್ನು ಕಂಡು ಗಾಬರಿಯಾದರು.

"ಯಾಕ್ ಸಾರ್ ಬಂದ್ರಿ? ನೀವು ಬರಬಾರದು ಅಂತಾನೇ ತಾನೇ ನಾನು ಓಡ್ತಾ ಐತೆ ಅಂದಿದ್ದು?"

ಬಯ್ಯಲೆಂದೇ ಹೋಗಿದ್ದೆ. ಕೀಲಿ ಇಸಿದುಕೊಂಡು ನಾನೇ ತಿರುಗಿಸಿದೆ. ಡೈರಿ ತೆಗೆದು ಬರೆದೆ: ಹನ್ನೊಂದು.