ಮೂವತ್ತೊಂದನೇ ಕಾರ್ಡು

ಗಜಾನನ ಮೇಷ್ಟ್ರ ಮರ್ಯಾದೆ ಪೇಟೆಪಾಲಾಗಿದ್ದಕ್ಕೆ ಕಾರಣ ಅಂಗೈಯಗಲದ ಒಂದು ರಟ್ಟಿನ ಚೂರು. ಅದನ್ನು ಕತ್ತರಿಸಿದವರೂ ಅವರೇ, ಅದರ ಮೇಲೆ ಚಿತ್ರ ಬರೆದವರೂ ಅವರೇ. ಹಾಗಾಗಿ ಬೇರೆ ಯಾರನ್ನಾದರೂ ಬೈಯುವ ಸುಖವೂ ಅವರಿಗಿರಲಿಲ್ಲ.

ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ, ಟೈಲರ್ ಅಂಗಡಿಯ ಮಹಡಿಯಲ್ಲಿ, ಕಲಿಕೆ ನಿಧಾನವಾಗಿರುವ ಐದು ಜನರಿಗೆ ಮೇಷ್ಟ್ರು ಕೆಲಸದ ಜಾಗದ ಮಾತು ಕಲಿಸುತ್ತಿದ್ದರು. ಹಾಜರಿ, ರಜೆ, ಸಂಬಳ, ‘ಸಹಾಯ ಬೇಕು’, ‘ತಪ್ಪಾಯ್ತು, ಇನ್ನು ಮಾಡಲ್ಲ’, ಹೀಗೆ ಒಟ್ಟು ಮೂವತ್ತು ಕಾರ್ಡು. ಒಂದು ಕಡೆ ಚಿತ್ರ ಮತ್ತು ಮಾತು, ಹಿಂದೆ ಖಾಲಿ. ಕಲಿತವರು ಪೇಟೆಯ ಅಂಗಡಿಗೆ ಹೋಗಿ, ಯಜಮಾನರ ಮುಖ ನೋಡಿ, ಕಾರ್ಡಿನ ಮಾತು ಹೇಳಬೇಕು. ಸರಿಯಾಗಿ ಹೇಳಿದರೆ ಅವರು ಹಿಂದುಗಡೆ ಸಹಿ ಹಾಕಬೇಕು. ನಾಲ್ಕು ಸಹಿ ಬಿದ್ದರೆ ಆ ಕಾರ್ಡು ಪಾಸು.

“ಬೇಕಾದ್ದನ್ನ ಬಾಯಿಬಿಟ್ಟು ಕೇಳ್ಬೇಕು. ಮನಸ್ಸಲ್ಲೇ ಇಟ್ಕೊಂಡ್ರೆ ಯಾರೂ ಕೊಡಲ್ಲ,” ಎಂದು ಮೇಷ್ಟ್ರು ದಿನಾ ಹೇಳುತ್ತಿದ್ದರು.

ಹೇಳುವುದೇನೋ ಸುಲಭ. ಎದುರು ಸಾಲಿನ ಜೆರಾಕ್ಸ್ ಅಂಗಡಿಯ ಸುಬ್ಬಲಕ್ಷ್ಮಿಯ ಹತ್ತಿರ ಒಂದು ಮಾತು ಕೇಳಬೇಕೆಂದು ಅವರೇ ಎರಡು ವರ್ಷದಿಂದ ಒದ್ದಾಡುತ್ತಿದ್ದರು. ದಿನಾ ಹೋಗುವುದು, ಒಂದೇ ಹಾಳೆ ಕೊಡುವುದು, ಒಂದೇ ಕಾಪಿ ತರುವುದು. ಎಲ್ಲ ಒಟ್ಟಿಗೆ ಮಾಡಿಸಿದರೆ ವರ್ಷದ ಕೆಲಸ ಒಂದು ಬೆಳಿಗ್ಗೆಗೆ ಮುಗಿದುಹೋಗುತ್ತದಲ್ಲ! ಮಷಿನ್ನಿನ ಹಸಿರು ಬೆಳಕು ಆಕೆಯ ಕನ್ನಡಕದ ಮೇಲೆ ಹಾದುಹೋಗುವಷ್ಟು ಹೊತ್ತು ಮಾತ್ರ ಅವರ ಪಾಲಿನದು. ಮೂವತ್ತೆಂಟರ ವಯಸ್ಸಿನಲ್ಲಿ, ಬಾಡಿಗೆ ರೂಮಿನಲ್ಲಿ ಒಬ್ಬರೇ ಕೂತು ಉಣ್ಣುವಾಗ, ಆ ಬೆಳಕು ನೆನಪಾಗಿ ಕೈಯಲ್ಲಿದ್ದ ತುತ್ತು ತಟ್ಟೆಗೇ ವಾಪಸಾಗುತ್ತಿತ್ತು.

ಕೊನೆಗೆ ತಮ್ಮ ವಿದ್ಯೆಯನ್ನು ತಮ್ಮ ಮೇಲೇ ಪ್ರಯೋಗಿಸಿದರು. ಮೂವತ್ತೊಂದನೇ ಕಾರ್ಡು ತಯಾರಾಯಿತು: ‘ನನ್ನನ್ನು ಮದುವೆ ಆಗ್ತೀರಾ?’ ಮೇಲೆ ಮೀಸೆಯ ಗಂಡಸು, ಕನ್ನಡಕದ ಹೆಂಗಸು, ನಡುವೆ ಜೆರಾಕ್ಸ್ ಮಷಿನ್ನು. ಬುಧವಾರ ಬೆಳಿಗ್ಗೆ ಕನ್ನಡಿಯ ಮುಂದೆ ಇಪ್ಪತ್ತು ಸಲ ಹೇಳಿ, ಜೇಬಿಗೆ ಹಾಕಿಕೊಂಡು ಹೊರಟರು. ಇವತ್ತು ಕೇಳಿಯೇ ಬಿಡುವುದು.

ಅದೇ ಜೇಬಿನಲ್ಲಿ ಅಂದಿನ ಪಾಠದ ಕಾರ್ಡೂ ಇತ್ತು. ಹತ್ತು ಗಂಟೆಗೆ ಅದನ್ನು ತೆಗೆದು ಧರ್ಮೇಶನ ಕೈಗಿತ್ತು ಪೇಟೆಗೆ ಕಳಿಸಿದರು. ಆ ಐವರಲ್ಲಿ ಒಬ್ಬನಾದ ಧರ್ಮೇಶನಿಗೆ ಇಪ್ಪತ್ತೆಂಟು ವರ್ಷ. ಹಿಡಿದ ಕೆಲಸ ಮುಗಿಸದೆ ಬಿಡುವ ಆಸಾಮಿಯಲ್ಲ. ಅವನು ಹೋದಮೇಲೆ, ಇನ್ನೊಮ್ಮೆ ಅಭ್ಯಾಸ ಮಾಡೋಣವೆಂದು ಮೇಷ್ಟ್ರು ಜೇಬಿನಲ್ಲಿ ಉಳಿದದ್ದನ್ನು ಹೊರತೆಗೆದರು. ‘ತಪ್ಪಾಯ್ತು, ಇನ್ನು ಮಾಡಲ್ಲ’ ಎಂದಿತ್ತು.

“ಅಯ್ಯೋ ದೇವ್ರೇ!” ಆ ಕಾರ್ಡನ್ನು ಕೈಯಲ್ಲಿ ಹಿಡಿದೇ ಓಡಿದರು. ಚಪ್ಪಲಿ ಒಂದು ಕಾಲಿಗಷ್ಟೇ ಸಿಕ್ಕಿತ್ತು.

ನಜೀರ್ ಸಾಬರು ಹಾರ್ಡ್‌ವೇರ್ ಅಂಗಡಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “ನಿಮ್ ಧರ್ಮೇಶ ನನ್ ಮುಖ ನೋಡಿ, ಮದ್ವೆ ಆಗ್ತೀರಾ ಅಂದ ಮಾರಾಯ್ರೆ! ಮನೇಲಿ ಹೆಂಡ್ತಿ ಮಜೀದಾ ಒಪ್ಪಲ್ಲ ಅಂದೆ. ಆದ್ರೆ ಹೇಳಿದ್ದು ಬಹಳ ಸ್ಪಷ್ಟ, ಸಹಿ ಹಾಕ್ದೆ.” ಆಮೇಲೆ ಬಗ್ಗಿ ಮೆಲ್ಲಗೆ, “ಆ ಮೀಸೆ ನಿಮ್ದೇ ಅಲ್ವಾ?” ಎಂದರು.

ಕ್ಯಾಂಟೀನಿನ ಶಾಂತಕ್ಕ ರಸ್ತೆಗೇ ಬಂದು ತೋಳು ಹಿಡಿದಳು. “ಕನ್ನಡಕ ಯಾರ್ದು ಅಂತ ನಂಗೆ ಗೊತ್ತಾಯ್ತು. ಎಂತಕ್ಕೆ ನಾಚ್ಕೆ? ಸಹಿ ಹಾಕಿದೀನಿ. ಮದ್ವೆ ಅಡುಗೆ ಮಾತ್ರ ನಂದೇ ಮತ್ತೆ!” ಒಳಗೆ ಇಡ್ಲಿ ತಿನ್ನುತ್ತಿದ್ದವರೆಲ್ಲ ಎದ್ದು ನಿಂತು ನೋಡಿದರು.

ತೋಳು ಬಿಡಿಸಿಕೊಳ್ಳುವಷ್ಟರಲ್ಲಿ ಬಸ್ ಬುಕಿಂಗಿನ ಮಂಜಪ್ಪ ಮೈಕಿನಲ್ಲಿ ಶುರುಮಾಡಿದ್ದ. “ಶೃಂಗೇರಿ, ನೆಮ್ಮಾರ್ ಕಡೆ ಹೋಗೋರು ಹತ್ಕೊಳ್ಳಿ... ಗಜಾನನ ಮೇಷ್ಟ್ರೆ, ನಾನು ಸೀಲೇ ಹೊಡ್ದಿದೀನಿ. ಧರ್ಮೇಶ ಜೆರಾಕ್ಸ್ ಅಂಗಡಿಗೆ ಹೋದ. ಓಡಿ, ಓಡಿ!”

ಓಡಿದರು. ಧರ್ಮೇಶ ಕೈಕಟ್ಟಿ ನಿಂತಿದ್ದ. ಸುಬ್ಬಲಕ್ಷ್ಮಿಯ ಒಂದು ಕೈಯಲ್ಲಿ ಕಾರ್ಡು, ಇನ್ನೊಂದರಲ್ಲಿ ಪೆನ್ನು. ಮುಖ ಕಿವಿಯವರೆಗೆ ಕೆಂಪಾಗಿತ್ತು.

“ಸರ್, ಇದೂ ಕೆಲಸದ ಮಾತಾ?” ಎಂದು ಮೆಲ್ಲಗೆ ಕೇಳಿದಳು.

ಅಲ್ಲ ಅಂದಿದ್ದರೆ ಸಾಕಿತ್ತು. ಒಂದೇ ಮಾತು! ಕನ್ನಡಿಗೆ ಇಪ್ಪತ್ತು ಸಲ ಹೇಳಿದ ಬಾಯಿ ಆಗ ಒಣಗಿ ಅಂಟಿಕೊಂಡಿತು. ಏನು ಮಾಡುವುದೆಂದು ತೋಚದೆ, ಪುಣ್ಯಾತ್ಮ, ಕೈಯಲ್ಲಿದ್ದ ಕಾರ್ಡನ್ನು ಚಾಚಿದರು. ‘ತಪ್ಪಾಯ್ತು, ಇನ್ನು ಮಾಡಲ್ಲ.’

ಅವಳು ಅದನ್ನು ಎರಡು ಸಲ ಓದಿದಳು. “ಓ... ತಪ್ಪಾಗಿ ಬಂದಿದ್ದಾ. ಸರಿ ಬಿಡಿ.” ಮದುವೆಯ ಕಾರ್ಡನ್ನು ತಿರುಗಿಸಿ ಏನೋ ಗೀಚಿ ಧರ್ಮೇಶನಿಗೆ ಕೊಟ್ಟು, ಅವರ ಕಡೆ ನೋಡದೆ ಒಳಗೆ ಹೋದಳು.

“ನಾಲ್ಕು ಸಹಿ ಸರ್, ಪಾಸು!” ಮಹಡಿಗೆ ಬಂದಮೇಲೆ ಧರ್ಮೇಶ ಹೆಮ್ಮೆಯಿಂದ ಕಾರ್ಡು ಒಪ್ಪಿಸಿದ. ಮೇಷ್ಟ್ರು ಹಿಂದೆ ತಿರುಗಿಸಿದರು. ನಜೀರ್ ಸಾಬರ ಸಹಿ, ಶಾಂತಕ್ಕನ ಸಹಿ, ಬಸ್ಸಿನ ಸೀಲು. ಕೆಳಗೆ ಮುದ್ದಾದ ಅಕ್ಷರದಲ್ಲಿ ‘ಆಗ್ತೀನಿ. ಅಮ್ಮನ ಹತ್ರ ಬಂದು ಮಾತಾಡಿ’ ಎಂದು ಬರೆದು, ಆಮೇಲೆ ಎರಡು ಗೆರೆ ಎಳೆದು ಹೊಡೆದುಹಾಕಿತ್ತು. ಅದರ ಕೆಳಗೆ, ‘ಉಚ್ಚಾರಣೆ ಚೆನ್ನಾಗಿದೆ. ಸುಬ್ಬಲಕ್ಷ್ಮಿ.’

ಮೇಷ್ಟ್ರಿಗೆ ಅಳುವೇ ಬಂತು. ಎರಡು ವರ್ಷ ಆಸೆಪಟ್ಟದ್ದು ಬಾಗಿಲಿಗೆ ಬಂದಿತ್ತು. ತಾವೇ ಚಿಲಕ ಹಾಕಿ ಕಳಿಸಿದ್ದರು.

“ನಿಮ್ದು ಸರಿ ಬರ್ಲಿಲ್ಲ ಸರ್,” ಎಂದ ಧರ್ಮೇಶ ಸಮಾಧಾನವಾಗಿ. “ಇನ್ನೊಂದ್ಸಲ ಹೋಗಿ. ಬಾಯಿಬಿಟ್ಟು ಕೇಳ್ಬೇಕು.”

ಹೌದಲ್ಲ! ಮತ್ತೆ ಓಡಿದರು. ಅಂಗಡಿಯಲ್ಲಿ ಅವಳೊಬ್ಬಳೇ ಇದ್ದಳು. ಗೆರೆ ಎಳೆದ ಮಗ್ಗುಲು ಮೇಲಾಗಿ ಕಾರ್ಡನ್ನು ಮೇಜಿನ ಮೇಲಿಟ್ಟರು. ಅವಳು ಅದನ್ನು ನೋಡಿದಳು, ಅವರನ್ನು ನೋಡಿದಳು.

“ಹೇಳಿ ಸರ್,” ಎಂದಳು. ನಿಜವಾಗಿಯೂ ಕಾದಳು.

ಮೇಷ್ಟ್ರು ಬಾಯಿಬಿಟ್ಟರು. “ಒಂದು ಕಾಪಿ,” ಎಂದರು.

ಅವಳು ನಿಟ್ಟುಸಿರಿಟ್ಟು ಕಾರ್ಡನ್ನು ಗಾಜಿನ ಮೇಲಿಟ್ಟಳು. ಹಸಿರು ಬೆಳಕು ಕನ್ನಡಕದ ಮೇಲೆ ಹಾದುಹೋಯಿತು.

“ಎರಡೂ ಕಡೇದು ಬೇಕಾ?”

“ಇವತ್ತು ಹಿಂದಿನದು ಸಾಕು,” ಎಂದರು ಮೇಷ್ಟ್ರು. “ಮುಂದಿನದಕ್ಕೆ ನಾಳೆ ಬರ್ತೀನಿ.”